ಬೆನ್ನುಪಟ್ಟಿ ಕಟ್ಟುವ ಶಾಸ್ತ್ರೀಯ ವಿಧಾನ

ಬೆನ್ನಿಗೆ ಪಟ್ಟಿ ಬಿಗಿಯುವುದು ಬಿ.ಎಸ್ಸಿ. ಓದಿದವನಿಗೆ ಒಂದು ಕೆಲಸವೇ ಎಂದು ನಾನು ತಿಳಿದಿದ್ದೆ.

ನನ್ನ ಅಣ್ಣ ಕೊಣನೂರಿನಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ. ಅವನ ಮಗಳು ಗಿರಿಜೆ ಅರಕಲಗೂಡಿನಲ್ಲಿ ನನ್ನ ಮತ್ತು ಅವ್ವನ ಜೊತೆಗಿದ್ದು ಓದುತ್ತಿದ್ದಳು. ಹದಿನಾಲ್ಕು ತುಂಬುವ ಹೊತ್ತಿಗೆ ಅವಳ ಒಂದು ಹೆಗಲು ಮೇಲೇರಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗತೊಡಗಿತು. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ಕೆಮ್ಮುತ್ತಾ ಮೈಸೂರಿಗೆ ಹೋದೆವು. ಡಾಕ್ಟರು ಅಳತೆ ತೆಗೆದು, ತೊಗಲು ಮತ್ತು ಉಕ್ಕಿನ ಪಟ್ಟಿಗಳನ್ನು ಸೇರಿಸಿ ಒಂದು ಕವಚ ಮಾಡಿಸಿಕೊಟ್ಟರು. ಬೆನ್ನ ಕಡೆ ಬಕಲುಗಳು. ಒಳಗೆ ಒಂದು ಪಕ್ಕಕ್ಕೆ ಒತ್ತು ಕೊಡಲು, ಬೇಕಾದ ಕಡೆ ಸಿಕ್ಕಿಸಬಹುದಾದ ಒಂದು ಮೆತ್ತೆ.

“ಇದನ್ನು ಬಿಡದೆ ಹಾಕಬೇಕು. ಇಲ್ಲದಿದ್ದರೆ ಬಾಗು ಹೆಚ್ಚುತ್ತದೆ. ಆಮೇಲೆ ಪ್ಲಾಸ್ಟರು ಹಾಕಿ ತಿಂಗಳುಗಟ್ಟಲೆ ಮಲಗಿಸಬೇಕು. ಓದು ಬರಹ ಎಲ್ಲ ಬಂದ್” ಎಂದರು. ಉಳಿದದ್ದನ್ನು ನನಗೆ ವಿವರವಾಗಿ ಇಂಗ್ಲಿಷಿನಲ್ಲಿ ಹೇಳಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಮನೆಗೆ ಬಂದು ನೋಡುತ್ತೇನೆ, ಮೆತ್ತೆ ಎಡಕ್ಕೋ ಬಲಕ್ಕೋ ನೆನಪಿಲ್ಲ. ನಾನು ಸಾಕ್ಷಿಯಿಲ್ಲದೆ ಏನನ್ನೂ ನಂಬುವವನಲ್ಲ. ನನ್ನ ನೆನಪನ್ನಂತೂ ಸಾಕ್ಷಿಯಿದ್ದರೂ ನಂಬುವುದಿಲ್ಲ.

ಅವ್ವನಿಗೆ ಎಡಬಲದ ಗೊಡವೆಯೇ ಇರಲಿಲ್ಲ. “ಲಿಂಗ ಕಟ್ಟಿರೋ ಮೈಗೆ ತೊಗ್ಲು ಬಿಗಿತೀಯೇನ್ಲಾ? ಬುದ್ಧಿಯೋರ್ ಕಿವಿಗೆ ಬಿದ್ರೆ ನಮ್ಮನೆ ನೀರೂ ಮುಟ್ಟಾಕಿಲ್ಲ” ಎಂದಳು.

ಬುದ್ಧಿಯವರೆಂದರೆ ನಮ್ಮ ಮನೆತನದ ಮಠದ ಸ್ವಾಮಿಗಳು. ಓದು ಮುಗಿಸಿ ಬಂದಮೇಲೆ ನಾನು ಅವರ ಕಾಲಿಗೆ ಬಿದ್ದವನಲ್ಲ. ದೂರದಿಂದ ಕೈಮುಗಿದು, ತತ್ತ್ವಕ್ಕೂ ಮರ್ಯಾದೆಗೂ ರಾಜಿ ಮಾಡಿಸುತ್ತಿದ್ದೆ.

ಗಿರಿಜೆಯದು ಬೇರೆಯೇ ತಕರಾರು. “ನಾನ್ ಅದನ್ನ ಆಕ್ಕೊಂಡ್ ಸ್ಕೂಲಿಗ್ ಓಗಾಕಿಲ್ಲ ಚಿಕ್ಕಪ್ಪ. ಎಲ್ರೂ ನಗ್ತಾರೆ.”

ಇಂಥ ಪರಿಸ್ಥಿತಿಯಲ್ಲಿ ವಿಜ್ಞಾನಕ್ಕೆ ಉಳಿದದ್ದು ಪ್ರಯೋಗವೊಂದೇ. ಗಿರಿಜೆ ನಿಂತಂತೆ ನಾನು ನಿಂತು, ಕವಚವನ್ನು ನಾನೇ ತೊಟ್ಟರೆ, ಡಾಕ್ಟರ ಕೈ ಯಾವ ಕಡೆ ಹೋಗಿತ್ತೆಂದು ಜ್ಞಾಪಕಕ್ಕೆ ಬರಲೇಬೇಕು. ನಾನಾಗ ಕಡ್ಡಿಯಂತಿದ್ದೆ. ಉಸಿರು ಬಿಗಿಹಿಡಿದೆ. ಗಿರಿಜೆ ಹಿಂದಿನಿಂದ ಬಕಲುಗಳನ್ನು ಎಂದೂ ಕಾಣದ ಉತ್ಸಾಹದಿಂದ ಎಳೆದು ಬಿಗಿದಳು. ಜ್ಞಾಪಕ ಬರಲಿಲ್ಲ. ಉಸಿರೂ ಬರಲಿಲ್ಲ.

ಅಂದು ಬುದ್ಧಿಯವರು ನಮ್ಮ ಮನೆಗೆ ಪಾದಪೂಜೆಗೆ ಬರುವವರಿದ್ದುದನ್ನು ನಾನು ಮರೆತೇಬಿಟ್ಟಿದ್ದೆ. ಅಷ್ಟರಲ್ಲಿ ಅವ್ವ ಹೊರಗಿನಿಂದ ಕೂಗಿದಳು. “ಬುದ್ಧಿಯೋರ್ ಬಂದ್ರು ಕಣ್ಲಾ, ಬೇಗ ಬಾ!”

ಗಿರಿಜೆ ನನ್ನನ್ನು ಹಾಗೆಯೇ ಬಿಟ್ಟು ಬಾಗಿಲಿಗೆ ಓಡಿದಳು. ಬಕಲು ನನ್ನ ಕೈಗೆ ಎಟುಕಲಿಲ್ಲ. ಕವಚದ ಮೇಲೆಯೇ ಒಂದು ಶಾಲು ಹೊದ್ದು, ನೆಟ್ಟ ಕಂಬದಂತೆ ನಡುಮನೆಗೆ ನಡೆದೆ. ಅಲ್ಲಿ ಪಾದಪೂಜೆಗೆ ಮಣೆ ಹಾಕಿದ್ದರು. ಬುದ್ಧಿಯವರು ಅದರಾಚೆ ಕುರ್ಚಿಯಲ್ಲಿ ಕೂತಿದ್ದರು. ಆಶೀರ್ವಾದಕ್ಕೆ ಬೀದಿಗೆ ಬೀದಿಯೇ ನೆರೆದಿತ್ತು. ಕೆಳಗೆ ನೋಡಬೇಕಾದರೆ ಬಾಗಬೇಕು. ಬಾಗುವ ಸೌಕರ್ಯ ನನಗಿರಲಿಲ್ಲ. ಮಣೆ ಎಡವಿದೆ. ಮುಗಿದ ಕೈ ಮುಂದಕ್ಕೆ ಚಾಚಿಕೊಂಡಿತು. ಕಡಿದ ಮರದಂತೆ ಉದ್ದಕ್ಕೆ, ಎಲ್ಲೂ ಮಡಿಸಿಕೊಳ್ಳದೆ, ಬುದ್ಧಿಯವರ ಪಾದದ ಮೇಲೆ ಬಿದ್ದೆ.

ನೆರೆದವರೆಲ್ಲ ಕತ್ತು ಚಾಚಿ ನೋಡಿದರು.

“ನನ್ ಮಗ ದಾರಿಗ್ ಬಂದ್ಬುಟ್ಟ ಬುದ್ಧೀ” ಎಂದು ಅವ್ವ ಅತ್ತಳು.

“ಸಾಕು, ಏಳಪ್ಪ” ಎಂದರು ಬುದ್ಧಿಯವರು.

ಏಳಲಿಲ್ಲ. ಏಳುವುದಕ್ಕೂ ಬಾಗಬೇಕು.

“ಸಾಕು ಅಂದ್ನಲ್ಲಪ್ಪ. ಅತಿಯಾಯ್ತು” ಎಂದು ಅವರು ನನ್ನ ಬೆನ್ನು ತಟ್ಟಿದರು. ಟಣ್ ಎಂದಿತು. “ಇದೇನವ್ವ, ನಿನ್ನ ಮಗ ತಪಸ್ಸು ಮಾಡಿ ಕಬ್ಬಿಣ ಆಗೋಗವ್ನೆ?”

ಬಾಗಿಲ ಹಿಂದೆ ಗಿರಿಜೆ ಕಿಸಕ್ಕೆಂದಳು. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ಇಬ್ಬರು ನನ್ನನ್ನು ದಿಮ್ಮಿಯಂತೆ ಹೊರಳಿಸಿ ಗೋಡೆಗೆ ಒರಗಿಸಿದರು. ಗಿರಿಜೆ ಎಲ್ಲವನ್ನೂ ಹೇಳಿದಳು. ತೊಗಲು ಎಂದ ಕೂಡಲೇ ಅವ್ವನ ಮುಖ ಬಿಳಿಚಿಕೊಂಡಿತು.

ಬುದ್ಧಿಯವರು ನಗು ನಿಲ್ಲಿಸಿ ಗಿರಿಜೆಯ ಹೆಗಲನ್ನು ನೋಡಿದರು. “ಕೂಸಿನ ಬೆನ್ನು ನೆಟ್ಟಗಾಗೋದಕ್ಕೆ ಯಾವ ಮೈಲಿಗೆಯವ್ವ? ಒಳಗೊಂದು ಹತ್ತಿ ಬಟ್ಟೆ ಸುತ್ತಿ ನೀನೇ ಕಟ್ಟು. ಓದ್ಕೊಂಡೋರ ಕೈಗೆ ಮಾತ್ರ ಕೊಡ್ಬೇಡ.”

ಅವರು ಹೋದಮೇಲೆ ನನ್ನ ಬಕಲು ಬಿಚ್ಚುತ್ತಾ ಗಿರಿಜೆ, “ಮೆತ್ತೆ ಬೆನ್ನು ಉಬ್ಬಿರೋ ಕಡೆಗೆ ಚಿಕ್ಕಪ್ಪ. ಡಾಕ್ಟ್ರು ನಂಗೆ ಕನ್ನಡದಲ್ಲೇ ಹೇಳಿದ್ರು” ಎಂದಳು.

“ಮೊದಲೇ ಯಾಕೆ ಹೇಳಲಿಲ್ಲ?”

“ಆಗ ಆಕ್ಕೊಳಾಕೆ ಇಷ್ಟ ಇರ್ನಿಲ್ವಲ್ಲ.”

“ಈಗ?”

“ಊರೋರೆಲ್ಲ ನಿಮ್ಮನ್ನ ನೋಡಿ ನಕ್ಕಾಯ್ತು. ನನ್ನ ನೋಡಿ ನಗಾಕೆ ಇನ್ಯಾರಿಗ್ ಉಸಿರೈತೆ? ನಾಳೆಯಿಂದ ಆಕ್ಕೊಂಡೋಯ್ತೀನಿ.”

ಹಾಕಿಕೊಂಡು ಹೋದಳು. ದಿನಾ ಬೆಳಿಗ್ಗೆ ಅವ್ವ ಕಟ್ಟುತ್ತಿದ್ದಳು. ಅವ್ವನ ಪ್ರಕಾರ ನಾನಂದು ಎಡವಲೇ ಇಲ್ಲ, ಭಕ್ತಿಯಿಂದಲೇ ಬಿದ್ದೆ. ಇಷ್ಟು ವರ್ಷವಾದ ಮೇಲೆ ಪ್ರಮಾಣ ಮಾಡಿ ಅಲ್ಲವೆನ್ನಲು ನನಗೂ ಧೈರ್ಯವಿಲ್ಲ.

ಮತ್ತೆ ಮೈಸೂರಿಗೆ ಹೋದಾಗ ಡಾಕ್ಟರು ಗಿರಿಜೆಯ ಬೆನ್ನನ್ನು ಬಹಳ ಹೊತ್ತು ನೋಡಿದರು. ಬಾಗು ಹೆಚ್ಚಿರಲಿಲ್ಲ. ಪ್ಲಾಸ್ಟರಿನ ಮಾತೇ ಬೇಡ, ಓದು ಮುಂದುವರಿಯಲಿ ಎಂದರು. ಈ ಯಶಸ್ಸಿನ ಶಾಸ್ತ್ರೀಯ ಹಿನ್ನೆಲೆಯನ್ನು ವಿವರಿಸಲೆಂದು ನಾನು ಗಂಟಲು ಸರಿಮಾಡಿಕೊಂಡೆ. ಡಾಕ್ಟರು ಕನ್ನಡಕ ಸರಿಸಿ, ಬಿದ್ದಂದಿನಿಂದ ಒಂದು ಕಡೆ ವಾಲಿಯೇ ನಿಲ್ಲುತ್ತಿದ್ದ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಗಿರಿಜೆಯನ್ನು ಕೇಳಿದರು:

“ಇವರಿಗೆ ಯಾವಾಗಿನಿಂದ ಹೀಗಮ್ಮ?”