ಹಳೆಯದು ಕೊಟ್ಟರೆ ಹೊಸದು

ದುಡ್ಡು ಉಳಿಸುವುದು ಹೇಗೆಂದು ಹೇಳಿಕೊಡುವವರಿಗೆ ಯಾವ ಕಾಲದಲ್ಲೂ ಬರವಿಲ್ಲ. ಉಳಿಸಿ ತೋರಿಸಿದವರನ್ನು ಮಾತ್ರ ದೀಪ ಹಿಡಿದು ಹುಡುಕಬೇಕು. ನಮ್ಮ ಸ್ಟೋರಪ್ಪ ಮೊದಲನೆಯ ಪಂಗಡದಿಂದ ಎರಡನೆಯದಕ್ಕೆ ಬಡ್ತಿ ಪಡೆಯಲು ಹೋಗಿ ಪಟ್ಟ ಪಾಡು ಅವನೊಬ್ಬನಿಗೇ ಗೊತ್ತು. (ಈಗ ಬೀದಿಗೆಲ್ಲ ಗೊತ್ತು. ಅದು ಹೇಗೆಂದು ಮುಂದೆ ಹೇಳುತ್ತೇನೆ.)

ಸ್ಟೋರಪ್ಪ ಎಂಬುದು ತಾಯಿತಂದೆ ಇಟ್ಟ ಹೆಸರಲ್ಲ. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅವನು ಸ್ಟೋರ್ ಕೀಪರ್. ನಟ್ಟು, ಬೋಲ್ಟು, ಗ್ರೀಸು, ಕೈಗವಸು ಎಲ್ಲವೂ ಅವನ ಕಬ್ಬಿಣದ ಜಾಲರಿಯ ಹಿಂದೆ ಭದ್ರ. ಯಾರೇ ಬಂದು ಹೊಸ ಕೈಗವಸು ಕೇಳಲಿ, ಅವನ ಬಾಯಿಂದ ಬರುವುದು ಒಂದೇ ಮಾತು: "ಹಳೇದೆಲ್ಲಿ?" ಹರಿದ ಜೊತೆಯನ್ನು ಕಿಂಡಿಯೊಳಗೆ ತೂರಿಸಿದರೆ ಮಾತ್ರ ಹೊಸ ಜೊತೆ ಹೊರಗೆ ಬರುತ್ತಿತ್ತು. ಹಳೆಯದು ಕೊಟ್ಟರೆ ಹೊಸದು. ಈ ಒಂದು ಸೂತ್ರದ ಮೇಲೆ ಇಡೀ ಪ್ರಪಂಚವನ್ನು ನಡೆಸಬಹುದೆಂದು ಅವನ ದೃಢವಾದ ನಂಬಿಕೆ. ಪ್ರಪಂಚ ಅವನ ಕೈಗೆ ಸಿಗಲಿಲ್ಲವಾಗಿ ಮನೆಯ ಮೇಲೆ ಪ್ರಯೋಗ ಮಾಡಿದ.

ಮಾಡಿದ್ದು ಒಳ್ಳೆಯ ಉದ್ದೇಶಕ್ಕೇ. ಅವನ ಅಮ್ಮನಿಗೆ ಕಿವಿ ಮಂದವಾಗುತ್ತಾ ಬಂದಿತ್ತು. "ಅಮ್ಮಾ, ಊಟಕ್ಕೆ ಬಾ" ಎಂದು ಸ್ಟೋರಪ್ಪ ಮಹಡಿಯ ಮೇಲೆ ಕರೆದರೆ, ಕೆಳಗಿನ ಮನೆಯ ದರ್ಜಿ ಹೊಲಿಯುವುದನ್ನು ಬಿಟ್ಟು ಕೈ ತೊಳೆಯಲು ಏಳುತ್ತಿದ್ದ. ಅಷ್ಟರವರೆಗೆ ಅದು ಮನೆಮಂದಿಗೆ ತಮಾಷೆಯೇ ಆಗಿತ್ತು. ಒಂದು ಸಂಜೆ ಮಗಳು ಪುಟ್ಟಿ ಅಜ್ಜಿಯ ಮುಂದೆ ಪುಸ್ತಕ ಹಿಡಿದು ಕೂತಳು. ಅಜ್ಜಿ ನಗುನಗುತ್ತಾ ತಲೆದೂಗುತ್ತಿದ್ದಳು. ಪುಟ್ಟಿ ಪುಸ್ತಕ ಕೆಳಗಿಳಿಸಿ, "ಅಜ್ಜಿ, ನಾನಿನ್ನೂ ಶುರುವೇ ಮಾಡಿಲ್ಲ" ಎಂದಳು. ಅಜ್ಜಿ ಅದಕ್ಕೂ ನಕ್ಕು ತಲೆದೂಗಿದಳು. ಬಾಗಿಲಲ್ಲಿ ನಿಂತಿದ್ದ ಸ್ಟೋರಪ್ಪನಿಗೆ ಈ ಸಲ ಅದು ತಮಾಷೆ ಎನಿಸಲಿಲ್ಲ.

ಕಿವಿ ಡಾಕ್ಟರು ಯಂತ್ರ ಹಾಕಿಸಿ ಎಂದರು, ಬೆಲೆಯನ್ನೂ ಹೇಳಿದರು. ಬೆಲೆ ಕೇಳಿ ಸ್ಟೋರಪ್ಪನಿಗೆ ಒಂದು ಗಳಿಗೆ ತನ್ನ ಕಿವಿಯೂ ಮುಚ್ಚಿದ ಹಾಗಾಯಿತು. ಮನೆಗೆ ಬಂದವನೇ ಹೆಂಡತಿಯನ್ನು ಕೂರಿಸಿಕೊಂಡು ತನ್ನ ಯೋಜನೆ ಬಿಚ್ಚಿಟ್ಟ.

"ಅತ್ತೆಗೆ ಹೇಳಿಬಿಡಿ" ಎಂದಳು ಹೆಂಡತಿ. "ಯಾಕೆ ಕೈ ಬಿಗಿ ಹಿಡೀತಿದೀವಿ ಅಂತ ಅವರಿಗೂ ಗೊತ್ತಿರಲಿ."

"ಹೇಳಿದ್ರೆ ಬೇಡ ಅಂತಾಳೆ. ಕನ್ನಡಕ ಮಾಡಿಸುವಾಗ ಏನಂದಳು, ಮರೆತೆಯಾ? ಈ ವಯಸ್ಸಲ್ಲಿ ನೋಡೋದು ಇನ್ನೇನಿದೆ ಅಂದಳು. ಸುಮ್ಮನೆ ತಂದು ಕಿವಿಗೆ ಇಟ್ಟುಬಿಡೋಣ."

"ಹಂಗಾದ್ರೆ ಪುಟ್ಟಿಗಾದ್ರೂ ಹೇಳಿ."

"ಅವಳ ಬಾಯಲ್ಲಿ ಗುಟ್ಟು ನಿಲ್ಲುತ್ತಾ? ಯಾರಿಗೂ ಬೇಡ."

"ಮನೆ ಅಂದ್ರೆ ನಿಮ್ಮ ಸ್ಟೋರಲ್ಲ ರೀ."

"ಅಲ್ಲ. ಇರೋ ತೊಂದರೆಯೇ ಅದು."

(ಈ ರಹಸ್ಯ ಸಮಾಲೋಚನೆ ನಡೆದದ್ದು ಅಮ್ಮನ ಎದುರಿಗೇ. ಆಕೆ ಪಕ್ಕದಲ್ಲೇ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.)

ಮರುದಿನ ನಡುಮನೆಯ ಮರದ ಬೀರುವಿಗೆ ಬೀಗ ಬಿತ್ತು. ಸೋಪು, ಹಲ್ಲುಜ್ಜುವ ಪೇಸ್ಟು, ಬಲ್ಬು, ಬೆಂಕಿಪೊಟ್ಟಣ, ಪೆನ್ಸಿಲ್, ಸಕ್ಕರೆ, ಟೀ ಪುಡಿ, ಎಲ್ಲವೂ ಅದರೊಳಗೆ ಬಂಧಿಗಳಾದವು. ಬೆಳಿಗ್ಗೆ ಕಾರ್ಖಾನೆಗೆ ಹೊರಡುವ ಮುನ್ನ ಸ್ಟೋರಪ್ಪ ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು ದರ್ಬಾರು ನಡೆಸುತ್ತಿದ್ದ. ಚಪ್ಪಟೆಯಾದ ಟ್ಯೂಬು ಕೊಟ್ಟರೆ ಹೊಸ ಟ್ಯೂಬು, ಸೋಪಿನ ಚೂರು ಕೊಟ್ಟರೆ ಹೊಸ ಸೋಪು, ಖಾಲಿ ಡಬ್ಬಿ ತೋರಿಸಿದರೆ ಸಕ್ಕರೆ. ಟ್ಯೂಬನ್ನು ಅವನೊಮ್ಮೆ ಲಟ್ಟಣಿಗೆಯಿಂದ ಲಟ್ಟಿಸಿ ನೋಡುತ್ತಿದ್ದ. ಒಳಗಿಂದ ಬಟಾಣಿಯಷ್ಟು ಬಂದರೂ ಅರ್ಜಿ ತಿರಸ್ಕೃತ.

ಆದರೆ ಆಗಿದ್ದೇ ಬೇರೆ. ಸಾಮಾನು ಮೊದಲಿಗಿಂತ ಬೇಗ ಖಾಲಿಯಾಗತೊಡಗಿತು. ಪುಟ್ಟಿ ತಂದುಕೊಡುವ ಪೆನ್ಸಿಲ್ ಮೋಟುಗಳನ್ನು ನೋಡಿದರೆ ಹುಡುಗಿ ಶಾಲೆಯಲ್ಲಿ ಬರೆಯುತ್ತಾಳೋ ಪೆನ್ಸಿಲ್ ತಿನ್ನುತ್ತಾಳೋ ತಿಳಿಯದು. ಒಂದು ದಿನ ಎರಡು ಮೋಟುಗಳನ್ನು ಜೋಡಿಸಿ ನೋಡಿದ. ಮುರಿದ ಜಾಗ ಒಂದಕ್ಕೊಂದು ಸರಿಯಾಗಿ ಕೂತಿತು.

"ಏನೇ ಇದು?"

"ಒಂದು ಮುರಿದ್ರೆ ಎರಡು ಹಳೇದು ಆಗುತ್ತಲ್ಲಪ್ಪ" ಎಂದಳು ಪುಟ್ಟಿ, ತಂದೆಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಮರುಕದಿಂದ. ಹೀಗೆ ಹೆಚ್ಚಿಗೆ ಸಿಕ್ಕ ಹೊಸ ಪೆನ್ಸಿಲ್ಲನ್ನು ಅವಳು ಗೆಳತಿಗೆ ಕೊಟ್ಟು ಬಣ್ಣದ ರಬ್ಬರು ತಂದಿದ್ದಳು.

ಸ್ಟೋರಪ್ಪ ಮನೆಯೆಲ್ಲ ತಪಾಸಣೆ ಮಾಡಿದ. ಹೆಂಡತಿಯ ಸೀರೆಗಳ ಮಡಿಕೆಯೊಳಗೆ ಸೋಪುಗಳು ಘಮಘಮಿಸುತ್ತಿದ್ದವು. ಅವಳು ಒಂದೇ ಸೋಪನ್ನು ಚಾಕುವಿನಿಂದ ಚೂರು ಮಾಡಿ ಬೇರೆ ಬೇರೆ ದಿನ ಒಪ್ಪಿಸಿದ್ದಳು. ಬೆಂಕಿಪೊಟ್ಟಣಗಳು ಹಿಟ್ಟಿನ ಡಬ್ಬಿಯ ತಳದಲ್ಲಿದ್ದವು.

"ಕಳ್ಳತನ ಅಲ್ವೇನೇ ಇದು?"

"ಬೀಗ ಹಾಕಿದ್ಮೇಲೆ ಇನ್ನೇನು ಮಾಡ್ಲಿ? ನೀವು ಸಂಜೆ ತಡ ಮಾಡಿದ್ರೆ ಒಲೆ ಹಚ್ಚೋದು ಬೇಡ್ವಾ? ಮೊದಲೆಲ್ಲ ಬೇಕಾದಾಗ ಸಿಗುತ್ತೆ ಅನ್ನೋ ಧೈರ್ಯ ಇತ್ತು, ಬೇಕಾದಷ್ಟೇ ತಗೋತಿದ್ದೆ. ಈಗ ಸಿಕ್ಕಾಗ ಬಾಚ್ಕೋಬೇಕು ಅನ್ಸುತ್ತೆ. ಯಾತಕ್ಕೆ ಉಳಿಸ್ತಿದೀವಿ ಅಂತ ನನಗೆ ಗೊತ್ತು ರೀ. ಗೊತ್ತಿದ್ದೂ ಕೈ ಹಾಗೇ ಹೋಗುತ್ತೆ."

ಸ್ಟೋರಪ್ಪನಿಗೆ ಕಾರ್ಖಾನೆ ನೆನಪಾಯಿತು. ಅಲ್ಲೂ ಫಿಟ್ಟರುಗಳು ಕೈಗವಸಿನ ಎಡ ಬಲ ಬೇರೆ ಮಾಡಿ ಎರಡು ಸಲ ಬರುತ್ತಾರೆಂಬ ಅನುಮಾನ ಅವನಿಗೆ ಬಹಳ ದಿನದಿಂದ ಇತ್ತು. ಆದರೆ ಗೆದ್ದಲಿಗೆ ಮದ್ದು ಹಾಕುವವನು ಸ್ವಂತ ಮನೆಯ ಬಾಗಿಲನ್ನು ಎಲ್ಲಿ ನೋಡಿಕೊಳ್ಳುತ್ತಾನೆ? ಸೋಲೊಪ್ಪಲು ಮನಸ್ಸಾಗದೆ ಕೊನೆಯ ಬಾಣ ಬಿಟ್ಟ. "ನಮ್ಮಮ್ಮನ್ನ ನೋಡಿ ಕಲೀರಿ. ಇಷ್ಟು ದಿನದಲ್ಲಿ ಒಂದು ಸಲವೂ ಬೀರುವಿನ ಹತ್ತಿರ ಬಂದಿಲ್ಲ."

ಹೆಂಡತಿ ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಆ ಮಾತಿಗೆ ಉತ್ತರ ರಜೆಯ ದಿನ ಬೆಳಿಗ್ಗೆ ಬಂತು. ಅಮ್ಮ ಒಳ್ಳೆಯ ಸೀರೆ ಉಟ್ಟು, ಬಟ್ಟೆಯ ಚೀಲ ಕಟ್ಟಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು.

"ಎಲ್ಲಿಗಮ್ಮ?" ಎಂದು ಕೈಸನ್ನೆಯಲ್ಲೇ ಕೇಳಿದ.

"ನಿಮ್ಮಕ್ಕನ ಮನೆಗೆ ಹೋಗಿ ಸ್ವಲ್ಪ ದಿನ ಇರ್ತೀನಪ್ಪ. ಬಸ್ಸು ಹತ್ತಿಸಿ ಬಾ."

"ಯಾಕೆ?"

"ನಿನಗೆ ಕಷ್ಟ ಇದೆ ಅಂತ ಕಾಣುತ್ತೆ. ಕೇಳಿದ್ರೆ ನೀನು ಹೇಳಲ್ಲ. ಟೀಗೆ ಸಕ್ಕರೆ ಬಿಟ್ಟೆ, ಸೋಪು ಬಿಟ್ಟೆ, ನನ್ನ ರೂಮಿನ ದೀಪಾನೂ ಹಾಕ್ತಿಲ್ಲ. ಇನ್ನು ಬಿಡೋಕೆ ಏನೂ ಉಳಿದಿಲ್ಲ. ಒಂದು ಬಾಯಿ ಕಡಿಮೆ ಆದ್ರೆ ನಿನಗೂ ಉಸಿರಾಡೋಕೆ ಆಗುತ್ತೆ." ಅಮ್ಮ ಚೀಲದ ಗಂಟನ್ನು ಇನ್ನೊಮ್ಮೆ ಬಿಗಿದಳು. "ನಿನ್ನ ಬೀರು ಹತ್ರ ಬರೋಣ ಅಂದ್ರೆ ಕೊಡೋಕೆ ಹಳೇದು ಏನಾದ್ರೂ ಬೇಕಲ್ಲಪ್ಪ. ಈ ಮನೇಲಿ ಹಳೇದು ಅಂತ ನನ್ನ ಹತ್ರ ಇರೋದು ನಾನೊಬ್ಬಳೇ."

ಆಕೆಯ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಸ್ಟೋರಪ್ಪ ಹೇಗೋ ತಡೆದುಕೊಳ್ಳುತ್ತಿದ್ದ. ಇಷ್ಟು ದಿನ ಸಂಜೆ ಅಮ್ಮನ ರೂಮು ಕತ್ತಲಾಗಿರುತ್ತಿದ್ದುದನ್ನು ಕಂಡು, ಬೇಗ ಮಲಗುವ ಒಳ್ಳೆಯ ಅಭ್ಯಾಸ ಎಂದುಕೊಂಡಿದ್ದ. ನಾಚಿಕೆಯಿಂದ ಅವನಿಗೆ ಅಳು ಬಂತು, ಅಳುವಿನ ಜೊತೆ ಕೂಗೂ ಬಂತು.

"ಕಷ್ಟ ಅಲ್ಲಮ್ಮಾ, ನಿನ್ನ ಕಿವಿ ಯಂತ್ರಕ್ಕೆ ದುಡ್ಡು ಕೂಡಿಡ್ತಿದೀನಿ!"

ಕೆಳಗೆ ಹೊಲಿಗೆ ಯಂತ್ರ ನಿಂತಿತು. ಎದುರು ಮನೆಯ ಕಿಟಕಿ ತೆರೆಯಿತು. ಗುಟ್ಟು ಬೀದಿಯ ಕೊನೆಯವರೆಗೂ ಹೋಗಿ ಮುಟ್ಟಿತು, ಮುಟ್ಟಬೇಕಾದವಳಿಗೆ ಮಾತ್ರ ಅರ್ಧ ಮುಟ್ಟಿತು.

"ಯಾರ ಕಿವಿಗೆ?"

"ನಿನ್ನದಕ್ಕೆ!"

"ಅಯ್ಯೋ, ನನಗ್ಯಾಕಪ್ಪ ಅದು? ಈ ವಯಸ್ಸಲ್ಲಿ ಕೇಳೋದು ಇನ್ನೇನಿದೆ?"

ಆಗ ಪುಟ್ಟಿ ಬಂದು ಅಜ್ಜಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ಬಿಡಿಸಿ ಬಿಡಿಸಿ, "ನನ್ನ ಪಾಠ ಇದೆ" ಎಂದಳು. ಅಜ್ಜಿ ಚೀಲದ ಗಂಟು ಬಿಚ್ಚತೊಡಗಿದಳು.

ಅವತ್ತೇ ಬೀರುವಿನ ಬೀಗ ಇಳಿಯಿತು. ಸೀರೆಯ ಮಡಿಕೆಯಿಂದ, ಹಿಟ್ಟಿನ ಡಬ್ಬಿಯಿಂದ, ಪುಟ್ಟಿಯ ಶಾಲೆಯ ಚೀಲದಿಂದ ಸಾಮಾನುಗಳು ತಾವಾಗಿ ಮರಳಿ ಬಂದವು. ಉಳಿತಾಯ ಖಾತೆ ಹೆಂಡತಿಯ ವಶವಾಯಿತು, ಅಮ್ಮ ಅದಕ್ಕೆ ಸಲಹೆಗಾರ್ತಿಯಾದಳು. ದರ್ಜಿಯ ಮನೆಯವರೂ ಇವರೂ ಸೇರಿ ಸಗಟು ಅಂಗಡಿಯಿಂದ ಅಕ್ಕಿಬೇಳೆಯ ಮೂಟೆ ತಂದು ಹಂಚಿಕೊಂಡರು. ಬೇಳೆ ಪೂರ್ತಿ ಬೇಯುವ ಮುಂಚೆಯೇ ಒಲೆ ಆರಿಸಿ, ತಟ್ಟೆ ಮುಚ್ಚಿ, ಮೇಲೆ ದಪ್ಪ ಬಟ್ಟೆ ಹೊದಿಸಿದರೆ ಉಳಿದದ್ದು ತಾನೇ ಬೇಯುತ್ತದೆಂದು ಅಮ್ಮ ತೋರಿಸಿಕೊಟ್ಟಳು. ಸ್ಟೋರಪ್ಪನ ಅಂಗಿಗಳ ಸವೆದ ಕಾಲರನ್ನು ದರ್ಜಿ ಬಿಚ್ಚಿ ಮಗುಚಿ ಹೊಲಿದ. ಮನೆಯಲ್ಲಿ ಇರುವುದು ಮುಗಿಯದೆ ಹೊಸ ತರಕಾರಿ ತರುವಂತಿಲ್ಲವೆಂದಾಯಿತು. ಪುಟ್ಟಿ ಪೆನ್ಸಿಲ್ಲನ್ನು ಉಗುರಿನಷ್ಟಾಗುವವರೆಗೆ ಬರೆದಳು. ಯಾರೂ ಯಾರಿಂದಲೂ ಏನನ್ನೂ ಬಚ್ಚಿಡಲಿಲ್ಲ. ಬೀಗದಿಂದ ಆಗದ ಕೆಲಸ ಒಂದು ಮಾತಿನಿಂದ ಆಯಿತು. ಆ ಮಾತನ್ನು ಮೊದಲೇ ಆಡಿದ್ದರೆ ಇಷ್ಟು ರಾದ್ಧಾಂತವೇ ಇರುತ್ತಿರಲಿಲ್ಲ ಎಂದು ಹೆಂಡತಿ ದಿನಕ್ಕೊಮ್ಮೆ ಜ್ಞಾಪಿಸುತ್ತಿದ್ದಳು. ಅದಕ್ಕೇನೂ ಖರ್ಚಿಲ್ಲವಲ್ಲ.

ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಯಂತ್ರ ಮನೆಗೆ ಬಂತು. ಪುಟ್ಟಿ ಪಾಠ ಓದಿದಳು. ಅಜ್ಜಿ ಈ ಸಲ ತಲೆದೂಗಲಿಲ್ಲ, ಮಧ್ಯದಲ್ಲೇ ತಡೆದು, "ಒಂದು ಸಾಲು ಹಾರಿಸಿದೆ, ಮತ್ತೆ ಓದು" ಎಂದಳು. ಎಲ್ಲರೂ ನಕ್ಕರು, ಸ್ಟೋರಪ್ಪ ಮಾತ್ರ ಮುಖ ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋದ.

ಅಮ್ಮನ ಜೊತೆ ಮೆತ್ತಗೆ ಮಾತಾಡಿ ಅವನಿಗೆ ವರ್ಷಗಳೇ ಆಗಿದ್ದವು. ಪ್ರೀತಿಯ ಮಾತನ್ನೂ ಕೂಗಿ ಹೇಳಿದರೆ ಜಗಳದ ಹಾಗೆಯೇ ಕೇಳುತ್ತದೆ. ಊಟ ಸೇರಿತಾ, ಮಂಡಿನೋವು ಹೇಗಿದೆ, ಎಂಬಂಥ ಸಣ್ಣ ಸಣ್ಣ ಮಾತುಗಳನ್ನು ಸಣ್ಣ ದನಿಯಲ್ಲಿ ಆಡಬೇಕೆಂದು ಕಾರ್ಖಾನೆಯಿಂದ ಬರುವ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬರುತ್ತಿದ್ದ. ಆದರೆ ಅವನು ಒಳಗೆ ಕಾಲಿಡುವುದಕ್ಕೂ ಅಮ್ಮ ಯಂತ್ರವನ್ನು ಕಿವಿಯಿಂದ ತೆಗೆದು, ಆರಿಸಿ, ಡಬ್ಬಿಯಲ್ಲಿಟ್ಟು ಮುಚ್ಚುವುದಕ್ಕೂ ಸರಿಹೋಗುತ್ತಿತ್ತು. ಸೊಸೆಯ ಜೊತೆ ಹರಟುವಾಗ ಅದು ಕಿವಿಯಲ್ಲಿರುತ್ತಿತ್ತು. ದರ್ಜಿಯ ಹೆಂಡತಿ ಬಂದರೂ ಇರುತ್ತಿತ್ತು. ಮಗ ಬಂದರೆ ಮಾತ್ರ ಡಬ್ಬಿ.

ಮೊದಮೊದಲು ಕಾಕತಾಳೀಯ ಎಂದುಕೊಂಡ. ಆಮೇಲೆ ಹಳೆಯ ಬೇಸರ ಇನ್ನೂ ಹೋಗಿಲ್ಲವೇನೋ ಎಂದು ಕೊರಗಿದ. ಕೊನೆಗೆ ತಡೆಯಲಾರದೆ ಒಂದು ಸಂಜೆ ಅಮ್ಮನ ಮುಂದೆ ಕೂತು, ಬೇರೆ ದಾರಿಯಿಲ್ಲದೆ ಬೀದಿಗೆಲ್ಲ ಕೇಳುವಂತೆ ಕೂಗಿ ಕೇಳಿದ.

"ನನ್ನ ಮೇಲೆ ಕೋಪ ಏನಮ್ಮ? ನಾನು ಬಂದ ತಕ್ಷಣ ಯಾಕೆ ಅದನ್ನ ತೆಗೆದಿಡ್ತೀಯ?"

ಅಮ್ಮ ಅವನ ತಲೆ ನೇವರಿಸಿದಳು.

"ಕೋಪ ಯಾಕಪ್ಪ? ಉಳಿದವರ ಮಾತಿಗೆ ಯಂತ್ರ ಬೇಕೇ ಬೇಕು. ನಿನ್ನದು ಹೀಗೂ ಚೆನ್ನಾಗಿ ಕೇಳುತ್ತಲ್ಲ. ಪುಕ್ಕಟೆ ಸಿಗೋದಕ್ಕೆ ಬ್ಯಾಟರಿ ಯಾಕೆ ಖರ್ಚು ಮಾಡ್ಲಿ?"