ನನ್ನ ಗಿಟಾರಿನ ಝುಂಯ್

ವಾಡಿಯ ಶಾಲೆಯೊಂದರಲ್ಲಿ ವಿಜ್ಞಾನ ಮಾಸ್ತರನಾಗಿ ಇಪ್ಪತ್ತು ವರ್ಷ ಮರ್ಯಾದೆಯಿಂದ ಬದುಕಿದವನು ನಾನು. ನಲವತ್ತೆಂಟನೆಯ ವಯಸ್ಸಿಗೆ ಎಲೆಕ್ಟ್ರಿಕ್ ಗಿಟಾರು ಕೊಂಡೆ. ಅಲ್ಲಿಂದೀಚೆಗೆ ನಗೆಪಾಟಲಿನ ಪ್ರಸಂಗಗಳಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ಗಿಟಾರು ನೋಡಲು ಚೆನ್ನಾಗಿಯೇ ಇತ್ತು. ತಂತಿ ಮೀಟಿದರೆ ಮಾತ್ರ ಸ್ವರದ ಹಿಂದೆಯೇ ಝುಂಯ್ ಎಂದು ಒಂದು ಸದ್ದು, ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡ ಹಾಗೆ.

ಇಡೀ ಊರಲ್ಲಿ ನನ್ನನ್ನು ನುಡಿಸಿ ಎಂದು ಕೇಳಿದವರು ಒಬ್ಬರೇ, ನಮ್ಮ ಹೆಡ್‌ಮಾಸ್ತರರು. "ಬರೋ ತಿಂಗಳ ನಾ ರಿಟಾಯರ್ ಆಗ್ಲಿಕತ್ತೀನಿ. ಬೀಳ್ಕೊಡೋ ದಿನ ಒಂದು ದಾಸರ ಪದ ನುಡಸ್ರಿ. ಆದರ ಆ ಝುಂಯ್ ಅನ್ನೋದು ಇರಬಾರದು ನೋಡ್ರಿ" ಎಂದರು. ಖುಷಿಯಿಂದ ಒಪ್ಪಿಕೊಂಡೆ.

೧. ಚಾಚಾನ ದಾರ

ಶಹಾಬಾದಿನಲ್ಲಿ ತಂಬೂರಿ, ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ಚಾಚಾ. ಅವರ ಮುಂದೆ ಕೂತು ತಂತಿ ಮೀಟಿದೆ. ಝುಂಯ್ ಎಂದಿತು. ಚಾಚಾ ಕಣ್ಣು ಮುಚ್ಚಿ ತಲೆದೂಗಿದರು.

"ಈ ಸದ್ದಿಂದೇ ನೋಡ್ರಿ ಚಾಚಾ ನನಗ ಫಿಕರ್ ಆಗ್ಯಾದ" ಎಂದೆ.

"ಹೌದ್ರಿ, ಇನ್ನೂ ಸ್ವಲ್ಪ ಕಮ್ಮಿ ಅದ. ಕುಂದ್ರಿ, ಮಾಡಿ ಕೊಡ್ತೀನಿ."

ತಂಬೂರಿ ಚೆನ್ನಾಗಿ ಝೇಂಕರಿಸಲೆಂದು ತಂತಿಯ ಕೆಳಗೆ ಒಂದೆಳೆ ದಾರ ಸಿಗಿಸುತ್ತಾರೆ. ಚಾಚಾ ಜೀವಮಾನವೆಲ್ಲ ಮಾಡಿದ್ದು ಅದೇ ಕೆಲಸ. ಒಂದು ತಾಸು ಕಷ್ಟಪಟ್ಟು ನನ್ನ ಆರೂ ತಂತಿಗಳ ಕೆಳಗೆ ರೇಷ್ಮೆ ದಾರ ಕೂಡಿಸಿದರು. ಈಗ ಮೀಟಿದರೆ ನೊಣ ಹೋಗಿ ಇಡೀ ಜೇನುಗೂಡೇ ಬಂದಿತ್ತು. ನನಗೆ ಬೇಕಾದದ್ದು ಈ ಸದ್ದು ತೆಗೆಯುವುದು ಎಂದು ಅಳುಕುತ್ತಲೇ ಹೇಳಿದೆ.

ಚಾಚಾ ನನ್ನನ್ನೇ ದಿಟ್ಟಿಸಿ ನೋಡಿದರು. "ಮಾಸ್ತರ, ಈ ಸದ್ದು ತರೋದು ಕಲೀಲಿಕ್ಕ ನಾ ಉಸ್ತಾದರ ಕೈಲಿ ಆರು ವರ್ಷ ಹೊಡತ ತಿಂದೀನಿ. ತಗಿಯೋದು ಅವರು ಕಲಿಸಿಲ್ಲ."

೨. ಗೌಂಡಿಯ ಲೆವಲ್

ದಾರ ಕಿತ್ತು ಹಾಕುತ್ತ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದ ಮನೆಯ ಗೌಂಡಿ ಬಂದರು. ಫರಸಿ ಕಲ್ಲು ಹಾಸುವುದರಲ್ಲಿ ರಾವೂರಿನಿಂದ ಸೇಡಂವರೆಗೆ ಅವರದೇ ಹೆಸರು. ಅವರು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಇರುತ್ತದೆ. ಒಂದು ಕಣ್ಣು ಮುಚ್ಚಿ ಗಿಟಾರಿನ ಉದ್ದನೆಯ ಕುತ್ತಿಗೆಯನ್ನು ನೋಡಿದರು.

"ನಡುವ ತಗ್ಗು ಬಿದ್ದದಲ್ರಿ!"

"ಅಷ್ಟು ತಗ್ಗು ಇರಬೇಕಂತ್ರಿ. ಮೊಬೈಲ್‌ನ್ಯಾಗ ಒಬ್ಬವ ಹೇಳ್ಯಾನ."

"ಅವ ಎಷ್ಟು ಮನಿಗಿ ಫರಸಿ ಹಾಸ್ಯಾನ?"

ಗಿಟಾರನ್ನು ಅವರ ಕೈಗೆ ಕೊಟ್ಟೆ. ಗಿಟಾರಿನ ಕುತ್ತಿಗೆಯೊಳಗೆ ಒಂದು ಕಬ್ಬಿಣದ ಸರಳಿರುತ್ತದೆ. ಕೀಲಿ ಹಾಕಿ ಬಿಗಿ ಮಾಡಿದರೆ ಕುತ್ತಿಗೆ ನೆಟ್ಟಗಾಗುತ್ತದೆ. ಸಡಿಲಿಸಿದರೆ ಕೂದಲೆಳೆಯಷ್ಟು ಬಾಗಿ ತಂತಿ ಅದುರಲು ಜಾಗ ಕೊಡುತ್ತದೆ. ಗೌಂಡಿ ತಮ್ಮ ಅಳತೆಯ ದಾರ ಹಿಡಿದು, ಲೆವಲ್ ಪಟ್ಟಿ ಇಟ್ಟು, ಅದರೊಳಗಿನ ಗಾಳಿಗುಳ್ಳೆ ನಟ್ಟನಡುವೆ ನಿಲ್ಲುವ ತನಕ ಬಿಗಿ ಮಾಡಿದರು. ಮೊದಲು ಎರಡು ತಂತಿ ಝುಂಯ್ ಅನ್ನುತ್ತಿದ್ದವು, ಈಗ ಆರೂ ಅಂದವು.

ಗೌಂಡಿ ಕೈ ಝಾಡಿಸಿಕೊಂಡು ಎದ್ದರು. "ಸದ್ದಿಂದು ನನಗ ಗೊತ್ತಿಲ್ರಿ. ಲೆವಲ್ ಮಾತ್ರ ನೂರು ವರ್ಷ ಅಲ್ಲಾಡಂಗಿಲ್ಲ."

೩. ಅಡುಗೆಮನೆಯ ವಿಜ್ಞಾನ

ಕೊನೆಗೆ ನಾನೇ ಕೀಲಿ ಹಿಡಿದೆ. ಸರಳನ್ನು ಕಾಲು ಸುತ್ತು ಸಡಿಲಿಸುವುದು, ಒಂದು ದಿನ ಬಿಡುವುದು, ಮತ್ತೆ ನೋಡುವುದು. ತಂತಿಯ ಕೆಳಗೆ ವಿಜಿಟಿಂಗ್ ಕಾರ್ಡ್ ಜಾರುವಷ್ಟು ಸಂದು ಬಂತು. ತಂತಿಗಳನ್ನು ಸ್ಕ್ರೂ ತಿರುಗಿಸಿ ತುಸು ಮೇಲೆತ್ತಿದೆ. ಝುಂಯ್ ಹೋಯಿತು, ಒಂದೇ ಒಂದು ಸ್ವರ ಬಿಟ್ಟು. ಆ ಒಂದು ಸ್ವರಕ್ಕಾಗಿ ಮೂರು ಸಂಜೆ ತಿರುಗಿಸದ ಸ್ಕ್ರೂ ಉಳಿಯಲಿಲ್ಲ.

ನನ್ನ ಹೆಂಡತಿ ಚಿಂಚೋಳಿಯವಳು, ತಾಳ್ಮೆ ಜಾಸ್ತಿ, ಆದರೆ ಅದಕ್ಕೂ ಮಿತಿಯಿದೆ. "ಅದೊಂದನ್ನೇ ಹೊಡೀತಾ ಇರ್ರಿ" ಎಂದು ಅಡುಗೆಮನೆಗೆ ಹೋದಳು. ಥಟ್ಟನೆ ಸದ್ದು ನಿಂತಿತು. ಎರಡು ಸ್ಟೀಲಿನ ಊಟದ ಗಂಗಾಳ ಹಿಡಿದು ಹೊರಗೆ ಬಂದಳು. ನಾನು ಆ ಸ್ವರ ಮೀಟಿದಾಗಲೆಲ್ಲ ಒಳಗೆ ಸ್ಟ್ಯಾಂಡಿನಲ್ಲಿ ಅವು ಒಂದಕ್ಕೊಂದು ತಾಗಿ ನಡುಗುತ್ತಿದ್ದವು.

"ನಿಮ್ಮ ಸೈನ್ಸಿನ್ಯಾಗ ಇದಕ್ಕ ಏನೋ ಹೆಸರು ಅದಲ್ರಿ, ಅನುನಾದನೋ ಏನೋ? ಹೋದ ವಾರ ಮಗಳಿಗಿ ಬೈದು ಬೈದು ಬಾಯಿಪಾಠ ಮಾಡಿಸ್ಲಿಕತ್ತಿದ್ರಿ."

೪. ಬೀಳ್ಕೊಡುಗೆ

ಆ ದಿನ ಶಾಲೆಯ ಅಂಗಳ ತುಂಬಿತ್ತು. ಚಿತ್ತಾಪುರದಿಂದಲೂ ಮಾಸ್ತರರು ಬಂದಿದ್ದರು. ಮೈಕ್‌ಸೆಟ್ಟಿನವನ ದೊಡ್ಡ ಪೆಟ್ಟಿಗೆಗೆ ಗಿಟಾರಿನ ವಾಯರು ಸಿಗಿಸಿ, ಹೆಡ್‌ಮಾಸ್ತರರಿಗೆ ಕೈಮುಗಿದು ಶುರು ಮಾಡಿದೆ. ಝುಂಯ್ ಇಲ್ಲ! ಒಂದೊಂದು ಸ್ವರವೂ ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ಒಂದು ಸಾಲು ಮುಗಿಯುವವರೆಗೆ ನಾನು ಸುಖವಾಗಿಯೇ ಇದ್ದೆ.

ಎರಡನೆಯ ಸಾಲಿನಲ್ಲಿ ಬೆರಳು ಜಾರಿತು. ಅದೂ ಸ್ಪಷ್ಟವಾಗಿ ಕೇಳಿಸಿತು. ಮೂರನೆಯದರಲ್ಲಿ ದಾರಿ ತಪ್ಪಿ ಬೇರೆ ಪದದೊಳಗೆ ಹೋಗಿ ಬಂದೆ. ಕೊನೆಯಲ್ಲಿ ಕೂತವರಿಗೂ ಅನುಮಾನಕ್ಕೆ ಎಡೆಯಿಲ್ಲದಂತೆ ಕೇಳಿಸಿತು. ಇಷ್ಟು ದಿನ ಆ ಝುಂಯ್ ನನ್ನ ಎಷ್ಟು ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡಿತ್ತು ಎಂದು ವೇದಿಕೆಯ ಮೇಲೆ ಅರ್ಥವಾಯಿತು. ತಲೆ ತಗ್ಗಿಸಿ ಹೇಗೋ ಮುಗಿಸಿದೆ.

ಹೆಡ್‌ಮಾಸ್ತರರು ಮೈಕಿನ ಮುಂದೆ ಬಂದರು. ಒಳ್ಳೆಯ ಮನುಷ್ಯರು, ಸುಳ್ಳು ಹೇಳಿದವರಲ್ಲ. "ನಮ್ಮ ಮಾಸ್ತರರು ವರ್ಷದಿಂದ ಗಿಟಾರ್ ಸರಿ ಇಲ್ಲ, ಗಿಟಾರ್ ಸರಿ ಇಲ್ಲ ಅಂತಿದ್ರು. ನಾನೂ ನಂಬಿದ್ದೆ. ಗಿಟಾರಿಂದು ಏನೂ ತಪ್ಪಿಲ್ಲ ಅಂತ ಇವತ್ತ ಎಲ್ಲರಿಗೂ ಗೊತ್ತಾತು." ಜೋರಾಗಿ ಚಪ್ಪಾಳೆ ಬಿತ್ತು.

ಮರುದಿನ ಮೊದಲ ಬಸ್ಸಿಗೆ ಶಹಾಬಾದಿಗೆ ಹೋಗಿ ಗಿಟಾರನ್ನು ಮುಂದಿಟ್ಟು ಹೇಳಿದೆ: "ಚಾಚಾ, ಆ ದಾರ ಮತ್ತ ಕೂಡಸ್ರಿ. ಈ ಸಲ ಎರಡೆರಡು ಎಳಿ ಹಾಕ್ರಿ."