ಫೊಂಮೊರೆಲ್ ಮಠದ ಪ್ರೇಮ ಸುರಂಗ

ಬರ್ಗಂಡಿಯ ಫೊಂಮೊರೆಲ್ ಊರಿನ ಸಿಸ್ಟರ್ಷಿಯನ್ ಪಂಥದ ಕ್ರೈಸ್ತ ಮಠದ ಕೆಳಗಿರುವ ಸುರಂಗವನ್ನು, ಎಂಟುನೂರು ವರ್ಷಗಳ ಹಿಂದೆ ಅಲ್ಲಿನ ಸನ್ಯಾಸಿಗಳು ಸನ್ಯಾಸಿನಿಯರನ್ನು ಗುಟ್ಟಾಗಿ ಕಾಣಲು ತೋಡಿಸಿದರು ಎಂಬುದು ನಮ್ಮ ಪುರಸಭೆಯ ಸರ್ವಾನುಮತದ ನಿರ್ಣಯವಾಗಿರುತ್ತದೆ. ವಿರುದ್ಧವಾಗಿ ಎರಡು ಮತ ಬಿದ್ದವು. ಅವನ್ನೂ ಸರ್ವಾನುಮತದೊಳಗೇ ಸೇರಿಸಿಕೊಳ್ಳಲಾಗಿದೆ. ನಡಾವಳಿ ಬರೆದ ಗುಮಾಸ್ತ ನಾನೇ.

ಈ ನಿರ್ಣಯದ ಅಗತ್ಯ ಬಿದ್ದದ್ದು ಸೊಲಾಂಜ್ ಪೆರೊದ್ಯಾಂ ಅವರಿಂದ. ಆಕೆ ಪುರಾತತ್ವ ವಿದ್ವಾಂಸೆ. ಹನ್ನೆರಡು ಬೇಸಿಗೆ ನಮ್ಮ ಮಠದ ಮಣ್ಣಿನಲ್ಲಿ ಮಂಡಿಯೂರಿದವರು. ಹದಿಮೂರನೆಯ ಬೇಸಿಗೆಯಲ್ಲಿ ಸುರಂಗಕ್ಕಿಳಿದು, ತಳದ ಕಪ್ಪು ಮಣ್ಣನ್ನು ಜರಡಿ ಹಿಡಿದರು. ಅಂಜೂರದ ಬೀಜ ಸಿಕ್ಕಿತು, ಜಂತುಹುಳದ ಮೊಟ್ಟೆ ಸಿಕ್ಕಿತು, ಒರೆಸಿಕೊಳ್ಳಲು ಬಳಸಿದ ಪಾಚಿಯ ಉಂಡೆಗಳೂ ಸಿಕ್ಕವು. ತಲೆಯೆತ್ತಿದರೆ ಸನ್ಯಾಸಿಗಳ ಮಲಗುಕೋಣೆಯ ಪಕ್ಕದ ಇಪ್ಪತ್ತೆರಡು ಕಂಡಿಗಳು. ವರದಿಯಲ್ಲಿ ಆಕೆ ಒಂದೇ ಸಾಲು ಬರೆದರು: ಇದು ಸುರಂಗವಲ್ಲ, ಪಾಯಿಖಾನೆಯ ಕಾಲುವೆ.

ನಮ್ಮೂರು ಬದುಕಿರುವುದೇ ಆ ಸುರಂಗದೊಳಗೆ ಕೈಕೈ ಹಿಡಿದು ನಡೆಯಲು ಬರುವ ಜೋಡಿಗಳಿಂದ. ವೈನ್ ಬಾಟಲಿಯ ಮೇಲೆ ಓಡುವ ಸನ್ಯಾಸಿಯ ಚಿತ್ರವಿದೆ. ಬೆಳ್ಳುಳ್ಳಿ ಬೆಣ್ಣೆಯಲ್ಲಿ ಬೇಯಿಸಿದ ಬಸವನಹುಳಕ್ಕೆ ನಮ್ಮ ಹೋಟೆಲಿನಲ್ಲಿ ‘ಸನ್ಯಾಸಿನಿಯ ನಿಟ್ಟುಸಿರು’ ಎಂದು ಹೆಸರು. ಮೇಯರ್ ಫರ್ಮ್ಯಾಂ ಬ್ರುಶಾರ್ ವರದಿ ಓದಿ ಕಂಗಾಲಾದರು.

“ಮೇಡಂ, ನನ್ನ ಹೆಂಡ್ತಿಗೆ ಮೊದಲ್ನೇ ಮುತ್ತು ಕೊಟ್ಟಿದ್ದು ಅಲ್ಲೇ,” ಎಂದರು. “ಅವಳಿಗೆ ಈಗ ಏನಂತ ಹೇಳ್ಲಿ?”

“ಪಾಯಿಖಾನೆ ಅಂತ್ಲೇ ಹೇಳಿ. ಆದ್ರೆ ಬಲು ಒಳ್ಳೇ ಪಾಯಿಖಾನೆ. ಆ ಕಾಲದಲ್ಲಿ ಎಷ್ಟೋ ದೊರೆಗಳಿಗೂ ಇಂಥದ್ದು ಇರ್ಲಿಲ್ಲ.”

ವಿಷಯ ಪ್ರಾಂತ್ಯದ ಪರಂಪರಾ ಕಚೇರಿಗೆ ಹೋಯಿತು. ಅಲ್ಲಿಂದ ತಾರ್ದಿವೆಲ್ ಎಂಬ ತನಿಖಾಧಿಕಾರಿ ಬಂದು, ಮೂಗಿಗೆ ಕರವಸ್ತ್ರ ಹಿಡಿದು ಸ್ಥಳ ಪರಿಶೀಲಿಸಿ, ಸಾಕ್ಷ್ಯವೆಲ್ಲವೂ ನಿರ್ವಿವಾದವೆಂದು ಒಪ್ಪಿಕೊಂಡರು. ಬಳಿಕ ನಿಯಮ ಹದಿನಾಲ್ಕನ್ನು ಓದಿದರು: “ಉತ್ಖನನದ ಫಲಿತಾಂಶವು ಈಗಾಗಲೇ ನೆಟ್ಟಿರುವ ಫಲಕಕ್ಕೆ ವಿರುದ್ಧವಾಗಿದ್ದಲ್ಲಿ, ಫಲಕವು ಬಣ್ಣದಲ್ಲಿ ಬರೆದದ್ದಾದರೆ ಫಲಕವನ್ನೂ, ಕಂಚಿನದಾದರೆ ಇತಿಹಾಸವನ್ನೂ ತಿದ್ದತಕ್ಕದ್ದು.”

ನಮ್ಮದು ಕಂಚು.

ಸನ್ಯಾಸಿನಿಯರ ಮಠ ಇರುವುದು ಹನ್ನೊಂದು ಕಿಲೋಮೀಟರ್ ದೂರದಲ್ಲಿ, ಹೊಳೆಯಾಚೆ. ಕಾಲುವೆಯ ಉದ್ದ ಮೂವತ್ತೆಂಟು ಮೀಟರ್ ಎಂದು ಸೊಲಾಂಜ್ ನೆನಪಿಸಿದರು. ತಾರ್ದಿವೆಲ್ ಬಹಳ ಹೊತ್ತು ಯೋಚಿಸಿ, ಇದು ಸುರಂಗದ ದೋಷವಲ್ಲ, ಆ ಮಠದ ದೋಷ ಎಂದು ತೀರ್ಮಾನಿಸಿದರು. ಕಾಲುವೆ ಮುಗಿಯುವಲ್ಲಿ ವಿಧವೆ ಲಿಯೊಕಾದಿ ಬುರ್ದಿಯಾ ಅವರ ಮನೆ ಇತ್ತು. ವಾರದೊಳಗೆ ಅದನ್ನು ಸನ್ಯಾಸಿನಿಯರ ಮಠವೆಂದು ಘೋಷಿಸಲಾಯಿತು. ಪರದೆ ಬದಲಿಸಲು, ಕೋಳಿ ಸಾಕಲು, ಮರುಮದುವೆಯಾಗಲು ಕಚೇರಿಯ ಪೂರ್ವಾನುಮತಿ ಬೇಕೆಂದು ಬಾಗಿಲಿಗೆ ಪ್ರಕಟಣೆ ಅಂಟಿಸಿದರು. ಎಪ್ಪತ್ತೊಂಬತ್ತರ ಲಿಯೊಕಾದಿ ಅದನ್ನು ಎರಡು ಸಲ ಓದಿ, ಮರುಮದುವೆಯ ಅರ್ಜಿ ನಮೂನೆ ಕೊಡಿ, ಇರಲಿ ಎಂದರು.

ಉಳಿದದ್ದು ತಿದ್ದಿದ ವರದಿಗೆ ಸೊಲಾಂಜ್ ಅವರ ರುಜು. ರುಜು ಇಲ್ಲದಿದ್ದರೆ ಅಗೆಯುವ ಪರವಾನಗಿ ರದ್ದು. ಆಕೆ ಅಗೆಯಬೇಕೆಂದಿದ್ದ ಮಠದ ಇಗರ್ಜಿಯ ಪೂರ್ವದ ಗೋಡೆ ಇನ್ನೂ ಮಣ್ಣಿನಡಿಯಲ್ಲೇ ಇತ್ತು. ಆಕೆ ಕಾಲುವೆಯ ಅಂಚಿನಲ್ಲಿ ಕೂತು, ಒಂದು ತಂಬಿಗೆ ನೀರು ಸುರಿದು ಅದು ಹರಿದುಹೋಗುವುದನ್ನು ನೋಡಿದರು. ನಾನು ಕಾಗದ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

“ನೀರು ಎಷ್ಟು ಚೆನ್ನಾಗಿ ಹರಿಸಿದಾರೆ ನೋಡಿ,” ಎಂದರು. “ಇವತ್ತಿಗೂ ಒಂದು ಹನಿ ನಿಲ್ಲಲ್ಲ. ಇಷ್ಟು ಕಷ್ಟಪಟ್ಟೋರಿಗೆ ನಾವು ಕಟ್ಟೋ ಪಟ್ಟ ಲಂಪಟರು ಅಂತ.”

ನಾನು ಪೆನ್ನು ಕೊಟ್ಟೆ. ಆಕೆ ರುಜು ಹಾಕಿದರು.

ಈಗ ಜೋಡಿಗಳು ಮೊದಲಿಗಿಂತ ಹೆಚ್ಚು ಬರುತ್ತಾರೆ. ಸುರಂಗದಿಂದ ಹೊರಬಂದವರ ಎದುರು ಲಿಯೊಕಾದಿ ಬಕೀಟು, ಸಾಬೂನು ಹಿಡಿದು ನಿಂತಿರುತ್ತಾರೆ. “ಮೊದ್ಲು ಕೈ ತೊಳ್ಕೊಳ್ಳಿ ಮಕ್ಳೇ, ಮುತ್ತು ಆಮೇಲೆ,” ಎನ್ನುತ್ತಾರೆ. ಜನ ತಲೆಬಾಗಿ ತೊಳೆದುಕೊಳ್ಳುತ್ತಾರೆ. ಕೆಲವರು ಕಣ್ಣೊರೆಸಿಕೊಳ್ಳುವುದೂ ಉಂಟು. ಕಳೆದ ತಿಂಗಳು ತಾರ್ದಿವೆಲ್ ಬಂದು, ಇದು ಹದಿಮೂರನೆಯ ಶತಮಾನದ ಮಠದ ಆಚರಣೆಯೇ ಎಂದು ತಜ್ಞರ ಅಭಿಪ್ರಾಯ ಕೇಳಿದರು. ತಜ್ಞರೆಂದರೆ ಸೊಲಾಂಜ್.

ಆ ಜಾಗಕ್ಕೆ ತಕ್ಕುದಾದ ಆಚರಣೆ ತಮಗೆ ತಿಳಿದಂತೆ ಇದೊಂದೇ ಎಂದು ಆಕೆ ಲಿಖಿತವಾಗಿ ತಿಳಿಸಿದರು. ಕಚೇರಿ ಅದನ್ನು ಮಾನ್ಯ ಮಾಡಿದೆ.